ಟಿಪ್ಪುವಿನ ಗಡಿಪಾರಾದ ಮಕ್ಕಳಿಗೆ ಶ್ರೀರಂಗಪಟ್ಟಣದಲ್ಲಿ ಒಂದು ನೆನಪಿನ ಕಲ್ಲು ಬೇಕಾ?

ಪರ: ಹೆಸರಾದರೂ ಊರಿಗೆ ಬರಲಿ

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಹೋದವರು, ಇಂಗ್ಲಿಷರು ಸೋತ ಪೊಲ್ಲಿಲೂರು ಯುದ್ಧದ ಗೋಡೆಚಿತ್ರದ ಮುಂದೆ ತುಂಬ ಹೊತ್ತು ನಿಲ್ಲುತ್ತಾರೆ. ಒಳಗೆ ಟಿಪ್ಪುವಿನ ಮಕ್ಕಳ ಚಿತ್ರಗಳೂ ಇವೆ. ಕೋಟೆ ಬಿದ್ದ ಮೇಲೆ ಥಾಮಸ್ ಹಿಕಿ ಎಂಬ ಕಲಾವಿದ ಬರೆದ ಮುಖಗಳು ಅವು. ನಾನು ಮೈಸೂರಿನವಳು. ನೆಂಟರು ಬಂದಾಗೆಲ್ಲ ಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೇನೆ. ಆ ಮುಖಗಳನ್ನು ನೋಡಿದಾಗೆಲ್ಲ ಒಂದೇ ಯೋಚನೆ. ಇವರು ಆಮೇಲೆ ಏನಾದರು ಅನ್ನೋದನ್ನು ಹುಟ್ಟಿದ ಊರೇ ಹೇಳಬೇಕು, ಅಲ್ವಾ?

ಇವರ ವನವಾಸ 1799ಕ್ಕೆ ಶುರುವಾದದ್ದಲ್ಲ. ಯುದ್ಧದಲ್ಲಿ ಸೋತು 1792ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. ಅದರ ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಅದಕ್ಕೆ ಒತ್ತೆಯಾಗಿ ಇಬ್ಬರು ಗಂಡುಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕೈಗೆ ಹೋದರು. ಇಬ್ಬರೂ ಹತ್ತರ ಆಸುಪಾಸಿನ ಹುಡುಗರು. ಮದ್ರಾಸಿನಲ್ಲಿದ್ದು 1794ರಲ್ಲಿ ವಾಪಸ್ ಬಂದರು. ಆಮೇಲೆ ಮನೆ ಅಂತ ಉಳಿದದ್ದು ಐದು ವರ್ಷ ಅಷ್ಟೇ.

1799ರ ಮೇ 4ರಂದು ಅಪ್ಪ ಸತ್ತ. ಹಿರಿಯ ಮಗ ಫತೇ ಹೈದರ್ ಶರಣಾದ. ಕುಟುಂಬವನ್ನು ವೆಲ್ಲೂರು ಕೋಟೆಗೆ ಸಾಗಿಸಿದರು. 1806ರ ಜುಲೈ 10ರ ನಸುಕಿನಲ್ಲಿ ಅಲ್ಲಿನ ಸಿಪಾಯಿಗಳು ದಂಗೆ ಎದ್ದು ಟಿಪ್ಪುವಿನ ಬಾವುಟ ಹಾರಿಸಿದರು. ಅದು ಒಂದೇ ದಿನದಲ್ಲಿ ಮುಗಿಯಿತು. ಇವರನ್ನು ಇಲ್ಲಿ ಇಟ್ಟುಕೊಂಡರೆ ಮತ್ತೆ ತೊಂದರೆ ಅಂತ ಈಸ್ಟ್ ಇಂಡಿಯಾ ಕಂಪನಿ ಮಕ್ಕಳನ್ನು ಕಲ್ಕತ್ತಾಕ್ಕೆ ಕಳಿಸಿತು. ಎಲ್ಲಿಯ ಕಾವೇರಿ, ಎಲ್ಲಿಯ ಹೂಗ್ಲಿ!

ಇವರಲ್ಲಿ ಗುಲಾಮ್ ಮೊಹಮ್ಮದ್ ನನ್ನನ್ನು ಜಾಸ್ತಿ ಕಾಡುತ್ತಾನೆ. ಹುಟ್ಟಿದ್ದು 1795ರಲ್ಲಿ. ಕೋಟೆ ಬಿದ್ದಾಗ ನಾಲ್ಕು ವರ್ಷದ ಕೂಸು. ಆ ವಯಸ್ಸಿನ ಮಗುವಿಗೆ ಏನು ನೆನಪಿದ್ದೀತು? ಫಿರಂಗಿಯ ಸದ್ದು ಇರಬಹುದು, ಹೊಳೆ ಇರಬಹುದು. ಆಮೇಲೆ ಅವನು 1872ರ ತನಕ ಬದುಕಿದ. ಅಷ್ಟು ಉದ್ದದ ಬದುಕು ಪೂರ್ತಿ ಇನ್ನೊಬ್ಬರ ಊರಿನಲ್ಲಿ. 1842ರಲ್ಲಿ ಕಲ್ಕತ್ತಾದ ಧರ್ಮತಲಾದಲ್ಲಿ ಒಂದು ಮಸೀದಿ ಕಟ್ಟಿಸಿದ. ಕಟ್ಟಿಸಿದವನು ಟಿಪ್ಪು ಸುಲ್ತಾನನ ಮಗ ಅಂತ ಕಲ್ಲಿನಲ್ಲಿ ಬರೆಸಿದ. ಆಗ ಕಲ್ಕತ್ತಾ ಕಂಪನಿಯ ರಾಜಧಾನಿ. ಅಲ್ಲಿ, ಪೇಟೆಯ ನಡುವೆ, ಅವರು ಕೊಂದ ಅಪ್ಪನ ಹೆಸರು! ಇಂದಿಗೂ ಅಲ್ಲಿನ ಜನ ಅದನ್ನು ಟಿಪ್ಪು ಸುಲ್ತಾನ್ ಮಸೀದಿ ಅಂತಲೇ ಕರೆಯುತ್ತಾರೆ. ಟಿಪ್ಪು ಆ ಊರಿಗೆ ಕಾಲಿಟ್ಟವನೇ ಅಲ್ಲ.

ನಮ್ಮ ಪಟ್ಟಣದಲ್ಲಿ ಏನಿದೆ? ಕೋಟೆ ಗೋಡೆ ಒಡೆದ ಜಾಗದ ಹತ್ತಿರ ದಾಳಿಯಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳಿಗೆ ಎತ್ತರದ ಸ್ತಂಭವಿದೆ. 1907ರಲ್ಲಿ ಮೈಸೂರು ಸರ್ಕಾರವೇ ನಿಲ್ಲಿಸಿದ್ದು. ಅದನ್ನು ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಅದರ ಹಾಗೆ ಈ ಮಕ್ಕಳಿಗೂ ಒಂದು ಕಲ್ಲು ಇರಲಿ. ಟಿಪ್ಪುವಿನ ಸಮಾಧಿ ಇರುವ ಗುಂಬಜ್ ತೋಟದ ಒಂದು ಮೂಲೆ ಸಾಕು. ಒತ್ತೆಗೆ ಹೋದವರು ಯಾರು, ವೆಲ್ಲೂರಿಗೆ ಹೋದವರು ಯಾರು, ಕಲ್ಕತ್ತಾದಿಂದ ತಿರುಗಿ ಬಾರದವರು ಯಾರು ಅಂತ ಕನ್ನಡದಲ್ಲಿ ಬರೆಸಿ. ಹೈದರ್ ಅಲಿ, ಅವನ ಹೆಂಡತಿ, ಟಿಪ್ಪು, ಮೂವರೂ ಅಲ್ಲಿ ಒಟ್ಟಿಗೆ ಮಲಗಿದ್ದಾರೆ. ಮೊಮ್ಮಕ್ಕಳ ಹೆಸರು ಅವರ ಹತ್ತಿರವೇ ಇರಲಿ.

ವಿರೋಧ: ರಾಶಿಯಲ್ಲಿದ್ದ ಉಳಿದವರು ಯಾರು?

ನಾನು ಮಂಡ್ಯ ಕಡೆಯ ರೈತರ ಮನೆಯವನು. ಆ ಮಕ್ಕಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅಪ್ಪನ ಯುದ್ಧಕ್ಕೆ ಮಗು ಹೊಣೆಯಲ್ಲ. ಆದರೆ ಪಟ್ಟಣದಲ್ಲಿ ಇನ್ನೊಂದು ಕಲ್ಲು ನಿಲ್ಲಿಸುವುದಾದರೆ ಅದು ರಾಜಕುಮಾರರಿಗೆ ಬೇಡ.

ಧರ್ಮತಲಾದ ಆ ಬರಹವನ್ನು ಪೂರ್ತಿ ಓದಬೇಕು. ಅಪ್ಪನ ಹೆಸರಿನ ಜೊತೆ ಇನ್ನೊಂದು ಮಾತೂ ಅದರಲ್ಲಿದೆ. ಈ ಮಸೀದಿ ದೇವರಿಗೆ ಕೃತಜ್ಞತೆಯಾಗಿ, ಮತ್ತು ಕಂಪನಿಯ ನಿರ್ದೇಶಕರು 1840ರಲ್ಲಿ ತನ್ನ ಪಿಂಚಣಿ ಬಾಕಿ ಕೊಟ್ಟದ್ದರ ನೆನಪಿಗಾಗಿ ಅಂತ. ತಪ್ಪು ಅನ್ನಲಾರೆ. ದೊಡ್ಡ ಸಂಸಾರ, ಕೈಯಲ್ಲಿ ಬೇರೆ ಆದಾಯವಿಲ್ಲ. ಆದರೆ ಆ ದುಡ್ಡು ಎಲ್ಲಿಂದ ಬಂತು? 1799ರಲ್ಲಿ ರಾಜ್ಯ ಹಂಚಿಕೊಂಡಾಗ ಕಂಪನಿ ತನ್ನ ಪಾಲಿಗೆ ಬಂದ ಸೀಮೆಗಳ ಆದಾಯದಲ್ಲಿ ಹೈದರ್ ಮತ್ತು ಟಿಪ್ಪು ಕುಟುಂಬಗಳ ಖರ್ಚಿಗೆ ಅಂತ ತೆಗೆದಿಟ್ಟಿತು. ಆ ಕಂದಾಯ ಕಟ್ಟಿದವನು ಉಳುವವನು. ಇತ್ತ ಒಡೆಯರಿಗೆ ಉಳಿದ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಕೊಡಬೇಕಾಯಿತು. ಅದನ್ನೂ ಹೊತ್ತವನು ಅವನೇ. ಕಂದಾಯದ ಕಾಟ ತಡೆಯಲಾರದೆ ಶಿವಮೊಗ್ಗ ಕಡೆಯ ನಗರ ಸೀಮೆಯ ರೈತರು 1830ರಲ್ಲಿ ದಂಗೆ ಎದ್ದದ್ದು ಸುಮ್ನೆ ಅಲ್ಲ.

ವೆಲ್ಲೂರಿನ ದಂಗೆ ಒಂದೇ ದಿನದಲ್ಲಿ ಮುಗಿಯಿತು ಅಂತ ಹೇಳಿ ಮುಂದೆ ಹೋಗಿಬಿಡುತ್ತೇವೆ. ನನಗೆ ಅಲ್ಲೇ ನಿಲ್ಲಬೇಕು ಅನ್ನಿಸುತ್ತದೆ. ಹಣೆಗೆ ನಾಮ, ವಿಭೂತಿ ಇಡಬಾರದು, ಗಡ್ಡ ಬಿಡಬಾರದು, ಹೊಸ ತರಹದ ಪೇಟ ತೊಡಬೇಕು ಅಂತ ಸಿಪಾಯಿಗಳಿಗೆ ಅಪ್ಪಣೆ ಬಂದಿತ್ತು. ಹಿಂದೂ ಮುಸಲ್ಮಾನರು ಒಟ್ಟಿಗೆ ಎದ್ದರು. ಆರ್ಕಾಟಿನಿಂದ ಇಂಗ್ಲಿಷ್ ಸೇನಾಧಿಕಾರಿ ಗಿಲೆಸ್ಪಿ ಕುದುರೆ ಸವಾರರನ್ನು ಕಟ್ಟಿಕೊಂಡು ಬಂದ. ಮಹಲಿನಲ್ಲಿ ಅಡಗಿದ್ದ ನೂರರಷ್ಟು ಜನರನ್ನು ಹೊರಗೆ ಎಳೆತಂದು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದರು. ಆಮೇಲೆ ವಿಚಾರಣೆ ನಡೆಸಿ ಕೆಲವರನ್ನು ಫಿರಂಗಿ ಬಾಯಿಗೆ ಕಟ್ಟಿ ಹಾರಿಸಿದರು. ಅದೇ ದಂಗೆಯಿಂದ ರಾಜಕುಮಾರರಿಗೆ ಊರು ಬದಲಾಯಿತು. ಸಿಪಾಯಿಗೆ ಜೀವವೇ ಹೋಯಿತು.

ವನವಾಸದ ಮಾತಾದರೆ ಇನ್ನೊಂದು ಮಗುವಿನ ಕಥೆಯೂ ಇದೆ. 1796ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. ಟಿಪ್ಪು ಇನ್ನೊಬ್ಬರನ್ನು ಗದ್ದುಗೆಗೆ ಕೂರಿಸಲಿಲ್ಲ. ಅರಸು ಮನೆತನವನ್ನು ಅರಮನೆಯಿಂದ ಹೊರಗೆ ಕಳಿಸಿದ. ಅವರು ಪಟ್ಟಣದಲ್ಲೇ ಒಂದು ಚಿಕ್ಕ ಮನೆಯಲ್ಲಿ ದಿನ ಕಳೆದರು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರಾದ ಹುಡುಗ ಆಗ ಎರಡು ವರ್ಷದ ಮಗು. ಅವನು 1794ರಲ್ಲಿ ಹುಟ್ಟಿದ, ಗುಲಾಮ್ ಮೊಹಮ್ಮದ್ 1795ರಲ್ಲಿ. ಊರೂ ಒಂದೇ, ಹೊಳೆಯೂ ಒಂದೇ. 1799ರ ಬೇಸಿಗೆಯಲ್ಲಿ ಇಬ್ಬರ ಹಣೆಬರಹವೂ ತಿರುಗಿತು. ಜೂನ್ 30ರಂದು ಐದು ತುಂಬದ ಆ ಹುಡುಗನಿಗೆ ಮೈಸೂರಿನಲ್ಲಿ ಪಟ್ಟ ಕಟ್ಟಿದರು. ಒಬ್ಬನ ಕಥೆಗೆ ಕಲ್ಲು ನೆಟ್ಟರೆ ಇನ್ನೊಬ್ಬನದು ಎಲ್ಲಿ ಅಂತ ಜನ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೂ ಇಲ್ಲ.

ಮಕ್ಕಳ ಕಥೆಯನ್ನು ದರಿಯಾ ದೌಲತ್‌ನ ಆ ಚಿತ್ರಗಳ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆಸಿ. ಅದಕ್ಕೆ ನನ್ನ ತಕರಾರಿಲ್ಲ. ಕಲ್ಲು ಮಾತ್ರ ಬೇರೆಯವರಿಗೆ ಬೇಕು. ಕೋಟೆಯಲ್ಲಿ ಟಿಪ್ಪು ಬಿದ್ದ ಜಾಗಕ್ಕೆ ಗುರುತಿದೆ. ಆ ಸಂಜೆ ಅವನ ದೇಹವನ್ನು ಹೆಣಗಳ ರಾಶಿಯ ನಡುವೆ ದೀಪ ಹಿಡಿದು ಹುಡುಕಿದರು. ರಾಶಿಯಲ್ಲಿದ್ದ ಉಳಿದವರೂ ಈ ಸೀಮೆಯ ಮನೆಗಳಿಂದಲೇ ಬಂದವರು. ಅವರಿಗೆ ಪಿಂಚಣಿಯೂ ಇಲ್ಲ, ಚಿತ್ರವೂ ಇಲ್ಲ, ಹೆಸರು ಬರೆದ ಒಂದು ಹಾಳೆಯೂ ಇಲ್ಲ. ಆ ಗುರುತಿನ ಪಕ್ಕದಲ್ಲೇ ಅವರಿಗೊಂದು ಕಲ್ಲು ನಿಲ್ಲಿಸಿ.