ಒಂದೇ ಸಾಕೆನ್ನುವ ನೆಲ್ಲಿ, ಜೊತೆ ಬೇಕೆನ್ನುವ ನೆಲ್ಲಿ

ಇಂಗ್ಲೆಂಡಿನ ಯಾರ್ಕ್‌ಷೈರ್‌ಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಅಜ್ಜ ಒಂದು ಬುಟ್ಟಿ ಗೂಸ್‌ಬೆರಿ ಕೊಟ್ಟರು. ನೆಲ್ಲಿಕಾಯಿ ಅಂದುಕೊಂಡೇ ಬಾಯಿಗೆ ಹಾಕಿದೆ. ಹುಳಿ ಇತ್ತು, ಮೈಮೇಲೆ ಗೆರೆಯೂ ಇತ್ತು. ಒಳಗೆ ಮಾತ್ರ ಗೊರಟೆ ಇಲ್ಲ, ಬರೀ ಲೋಳೆ, ಸಣ್ಣ ಬೀಜ. ನೀರು ಕುಡಿದೆ, ಸಿಹಿ ಆಗಲಿಲ್ಲ. ನಮ್ಮ ಶಿರಸಿಯ ಬೆಟ್ಟದ ನೆಲ್ಲಿಗೂ ಇದಕ್ಕೂ ನಂಟೇ ಇಲ್ಲ. ಇದು ಮುಳ್ಳಿನ ಪೊದೆ. ಚಳಿ ಬೇಕೇ ಬೇಕು, ಕಾರವಾರದ ಸೆಖೆಗೆ ಬದುಕುವುದಲ್ಲ.

ಆದರೆ ಇವರು ಅದನ್ನು ಸಾಕುವ ರೀತಿ ನನಗೆ ತುಂಬಾ ಹಿಡಿಸಿತು. ಎಲೆ ಉದುರಿದ ಚಳಿಗಾಲದಲ್ಲಿ ಅಜ್ಜ ದಪ್ಪ ಕೈಗವಸು ಹಾಕಿಕೊಂಡು ಗಿಡದ ಮುಂದೆ ಕೂರುತ್ತಾರೆ. ನಡುವಿನ ಕೊಂಬೆ ತೆಗೆದು ಗಿಡವನ್ನು ಬಟ್ಟಲಿನ ಹಾಗೆ ಬಿಡಿಸುತ್ತಾರೆ. ಗಾಳಿಯಾಡಿದರೆ ಬೂದಿರೋಗ ಕಡಿಮೆ, ಕೊಯ್ಯುವಾಗ ಕೈಗೆ ಮುಳ್ಳೂ ಕಡಿಮೆ. ಏಪ್ರಿಲ್ ಕೊನೆಗೆ ದಿನಾ ಎಲೆಯಡಿ ಹುಳ ಹುಡುಕುತ್ತಾರೆ. ಬಿಟ್ಟರೆ ಕೆಲವೇ ದಿನದಲ್ಲಿ ಗಿಡ ಬೋಳು. ಇಲ್ಲಿನ ಎಗ್ಟನ್ ಬ್ರಿಡ್ಜ್ ಎಂಬ ಹಳ್ಳಿಯಲ್ಲಿ 1800ರಿಂದ ಗೂಸ್‌ಬೆರಿ ಸ್ಪರ್ಧೆ ನಡೆದುಬಂದಿದೆ. ಒಂದೊಂದೇ ಕಾಯಿಯನ್ನು ತಕ್ಕಡಿಗಿಟ್ಟು ತೂಗುತ್ತಾರೆ!

ನಮ್ಮಲ್ಲಿ ನೆಲ್ಲಿಯನ್ನು ನೆಟ್ಟವರು ಯಾರು? ತುಳಸಿ ಮದುವೆಗೆ ಕಾಯಿ ಇರುವ ಕೊಂಬೆ, ಉಪ್ಪಿನಕಾಯಿಗೆ, ತಂಬುಳಿಗೆ ಕಾಯಿ, ಎಲ್ಲ ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನಬೆಟ್ಟದಿಂದಲೇ. ಕೊಯ್ಯಲು ಬೇಜಾರಾಗಿ ಕೊಂಬೆಯನ್ನೇ ಕಡಿದು ಕೆಡವುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಹಿತ್ತಿಲಲ್ಲಿ ನೆಟ್ಟು ಸಾಕಿದ್ದರೆ ಹಾಗೆ ಕಡಿಯಲು ಕೈ ಬರುತ್ತಿರಲಿಲ್ಲ, ಅಲ್ವಾ?

ಅದಕ್ಕೇ ಊರಿನ ಮನೆ ಹಿಂದೆ ಒಂದು ಕಸಿ ನೆಲ್ಲಿ ನೆಡಿಸಿದೆ. ತಳಿ ಕಾಂಚನ್. ನಾಲ್ಕನೇ ವರ್ಷ ಮೈತುಂಬ ಹೂವು. ಆಯಿ ಫೋನಿನಲ್ಲಿ, “ಒಂದೂ ಕಾಯಿ ನಿಲ್ತಿಲ್ಲೆ ತಮಾ” ಅಂದಳು. ಅಜ್ಜನ ಒಂಟಿ ಗಿಡ ನೋಡಿ ಒಂದೇ ಸಾಕು ಅಂದುಕೊಂಡಿದ್ದು ನನ್ನ ತಪ್ಪು. ಗೂಸ್‌ಬೆರಿಗೆ ತನ್ನ ಪರಾಗವೇ ಸಾಕು. ನೆಲ್ಲಿಗೆ ಸಾಲದು, ಹತ್ತಿರದಲ್ಲಿ ಬೇರೆ ತಳಿಯ ನೆಲ್ಲಿ ಬೇಕು. ಅದೇ ತಳಿಯ ಇನ್ನೊಂದು ಕಸಿ ಗಿಡ ಇಟ್ಟರೂ ಸುಮ್ನೆ. ಗಿಡ ಮಾರಿದವರು ಇದನ್ನು ಹೇಳಿರಲಿಲ್ಲ. ರಜೆಗೆ ಹೋದಾಗ ನೀರು ನಿಲ್ಲದ ದರೆಯ ಮೇಲೆ ಕೃಷ್ಣ ತಳಿಯದೊಂದು ನೆಟ್ಟು ಬಂದೆ.

ಕಳೆದ ವರ್ಷ ಎರಡೂ ಹೂ ಬಿಟ್ಟವು. ಬೇಸಿಗೆಯಿಡೀ ಕಾಯಿ ಕಾಣಲಿಲ್ಲ. ನೆಲ್ಲಿ ಹಾಗೇ, ಹೂ ಉದುರಿದ ಮೇಲೆ ಮಳೆ ಬರುವ ತನಕ ಕಾಯಿ ಬೆಳೆಯದೆ ಸುಮ್ಮನಿರುತ್ತದೆ. ಶ್ರಾವಣದಲ್ಲಿ ಆಯಿ ಕೊಡೆ ಹಿಡಿದು ಹೋಗಿ ಎಣಿಸಿದಳು. ಹಳೆ ಗಿಡದಲ್ಲಿ 17, ಹೊಸತರಲ್ಲಿ 5. ಆ ಸಲ ತುಳಸಿ ಮದುವೆಗೆ ಬೆಟ್ಟಕ್ಕೆ ಹೋಗಲಿಲ್ಲ. ಎರಡು ಕಾಯಿ ಇದ್ದ ಒಂದು ಸಣ್ಣ ಟಿಸಿಲು ಸಾಕಾಯಿತು.