ಮಹಾಪ್ರಾಣ ತೆಗೆದಿದ್ದಕ್ಕೆ ಮೂರನೇ ಅವತಾರ

ಸೋಮವಾರ ಬೆಳಗ್ಗೆ ಒಂಬತ್ತೂವರೆ. ಇಡ್ಲಿಯನ್ನು ಚಟ್ನಿಗೆ ಅದ್ದಿದ್ದೆ, ಅಷ್ಟೇ. ಗ್ರಾಹಕರ ಫೋನ್ ಬಂತು.

"ಏನ್ ಸಾರ್, ಹೇಳದೆ ಕೇಳದೆ 3.0 ಬಿಟ್ಬಿಟ್ಟಿದೀರ! ನಮ್ಮ ಹುಡುಗರಿಗೆ ಟ್ರೈನಿಂಗ್ ಯಾವಾಗ?"

ಶುಕ್ರವಾರ ಸಂಜೆ ನಾನು ಲ್ಯಾಪ್‌ಟಾಪ್ ಮುಚ್ಚುವಾಗ ಅವರ ಬಿಲ್ಲಿಂಗ್ ಸಾಫ್ಟ್‌ವೇರ್ ವರ್ಷನ್ 2.4.1ರಲ್ಲಿತ್ತು. ಎರಡು ದಿನದಲ್ಲಿ 3.0.0 ಆಗೋಕೆ ಅದೇನು ಹೀರೇಕಾಯಿ ಬಳ್ಳಿಯೇ?

ಆಗಿದ್ದಿಷ್ಟು. ಬಿಲ್ಲಿನ ಕೊನೆಯಲ್ಲಿ "ಧನ್ಯವಾಧಗಳು" ಎಂದು ಅಚ್ಚಾಗುತ್ತಿತ್ತು. ಅಂಗಡಿಗೆ ಬಂದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಆ ಧಕಾರಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಬಿಲ್ಲನ್ನು ವಾಪಸ್ ಕೊಟ್ಟು ಹೋಗಿದ್ದರಂತೆ. ನಾನು ಎಐ ಸಹಾಯಕನಿಗೆ "ಇದನ್ನು ಸರಿ ಮಾಡಿ ಕಮಿಟ್ ಮಾಡು" ಅಂದೆ, ಅಂದರೆ ಬದಲಾವಣೆಯನ್ನು ಒಂದು ಮೆಸೇಜಿನ ಸಮೇತ ದಾಖಲಿಸು ಅಂತ. ಮಾಡಿತು. ಅದು ಬರೆದ ಕಮಿಟ್ ಮೆಸೇಜನ್ನು ಕನ್ನಡಕ್ಕೆ ಇಳಿಸಿದರೆ ಹೀಗಿತ್ತು: "ಫೀಟ್!: ಗ್ರಾಹಕರ ಕೃತಜ್ಞತಾ ಅನುಭವಕ್ಕೆ ಸಮಗ್ರ ಕಾಯಕಲ್ಪ." ಕೆಳಗೆ ನಾಲ್ಕು ಸಾಲು ವಿವರಣೆ. ಕೊನೆಗೊಂದು ರಾಕೆಟ್ ಚಿತ್ರ.

ತೊಂದರೆ ಇದ್ದದ್ದು ರಾಕೆಟ್‌ನಲ್ಲಲ್ಲ, ಆಶ್ಚರ್ಯಸೂಚಕದಲ್ಲಿ. ನಾವು ಕನ್ವೆನ್ಷನಲ್ ಕಮಿಟ್ಸ್ ಅನ್ನೋ ಪದ್ಧತಿ ಇಟ್ಟುಕೊಂಡಿದ್ದೇವೆ. ಮೆಸೇಜ್ "ಫಿಕ್ಸ್" ಅಂತ ಶುರುವಾದರೆ ವರ್ಷನ್ನಿನ ಕೊನೆಯ ಅಂಕಿ ಏರುತ್ತದೆ. "ಫೀಟ್" ಅಂದರೆ ಹೊಸ ಸೌಲಭ್ಯ, ನಡುವಿನ ಅಂಕಿ ಏರುತ್ತದೆ. ಪಕ್ಕದಲ್ಲಿ ಆಶ್ಚರ್ಯಸೂಚಕ ಬಿದ್ದರೆ ಮಾತ್ರ "ಹಳೆಯದು ಮುರಿಯುತ್ತದೆ, ಹುಷಾರು" ಎಂದರ್ಥ. ಆಗ ಮೊದಲ ಅಂಕಿಯೇ ಏರುತ್ತದೆ. ಇದನ್ನೆಲ್ಲ ಓದಿ ಬಿಡುಗಡೆ ಮಾಡುವುದು ಇನ್ನೊಂದು ಯಂತ್ರ. ಒಂದು ಯಂತ್ರ ಖುಷಿಗೆ ಚಿಹ್ನೆ ಹಾಕಿತು, ಇನ್ನೊಂದು ಅದನ್ನು ನಂಬಿತು. ನಾನು ಭಾನುವಾರ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದೆ.

ಗ್ರಾಹಕರಿಗೆ "ಟ್ರೈನಿಂಗ್ ಬೇಡ ಸಾರ್, ಅಷ್ಟು ಸುಲಭ ಮಾಡಿದೀವಿ" ಅಂದೆ. ಸುಳ್ಳೇನಲ್ಲ, ಅಲ್ವಾ?

ಅವತ್ತೇ ಶಿಸ್ತು ತರುವ ಪಣ ತೊಟ್ಟೆ. ಸಹಾಯಕನಿಗೆ ಹೇಳಿದೆ: "ನಿನ್ನ ಪಾಂಡಿತ್ಯ ಬೇಡಪ್ಪ. ಈ ಪ್ರಾಜೆಕ್ಟಿನ ಹಳೆಯ ಕಮಿಟ್‌ಗಳನ್ನು ನೋಡಿ, ಅದೇ ಶೈಲಿಯಲ್ಲಿ ಬರೆ." ಅದು ವಿನಯದಿಂದ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ಲಾಗ್ ತೆರೆದು ಓದಿತು. ಮುಂದಿನ ಮೆಸೇಜ್ ಬಂತು: "ಮತ್ತೆ ಫಿಕ್ಸ್. ಈಗ ನಡೆಯಬಹುದು." ಅದರ ಮುಂದಿನದು: "ಇದೇ ಕೊನೆ." ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ಪದ್ಧತಿ ಬರುವ ಮೊದಲಿನ ಆ ಲಾಗ್ ತುಂಬ ಇದ್ದದ್ದು ನನ್ನದೇ ಹೆಸರು. "ಇದೇ ಕೊನೆ" ಎಂಬ ಮೆಸೇಜ್ 11 ಸಲ ಇತ್ತು.

ಸರಿ, ನಿಯಮಗಳನ್ನು ಬರೆದೇ ಕೊಡೋಣ ಅಂತ ಏಜೆಂಟ್ಸ್ ಡಾಟ್ ಎಂಡಿ ಎಂಬ ಕಡತ ಮಾಡಿದೆ. ಮೊದಲ ಸಾಲು ಸುಮಾರು 50 ಅಕ್ಷರದೊಳಗೆ ಇರಲಿ, ಕೆಳಗಿನ ವಿವರಣೆಯ ಸಾಲುಗಳು 72 ದಾಟದಿರಲಿ. ಇದು ಗಿಟ್ ಬಳಸುವವರಲ್ಲಿ ಹಳೆಯ ರೂಢಿ. ಕ್ರಿಯಾಪದ ಆಜ್ಞೆಯ ರೂಪದಲ್ಲಿರಲಿ. "ಸೇರಿಸಿದೆ" ಅಲ್ಲ, "ಸೇರಿಸು". ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಶುರು ಮಾಡಿದ ಗಿಟ್ಟಿನಲ್ಲಿ ಈ ಏಕವಚನ ಹೇಗೋ ನಡೆಯುತ್ತದೆ. ನಮ್ಮ ತಂಡದ ಹಿರಿಯರೊಬ್ಬರಿಗೆ ಮಾತ್ರ ಹಿಡಿಸಲಿಲ್ಲ. "ನಾನು ಮಾಡಿದ ಕೆಲಸ ನನಗೇ 'ಮಾಡು' ಅಂತಿದೆಯಲ್ರೀ" ಅಂದರು.

ಎರಡು ದಿನ ಸಹಾಯಕ ಬಾಲವಾಡಿ ಮಗುವಿನ ಹಾಗೆ ಇತ್ತು. ಮಾತುಕತೆ ಉದ್ದವಾದಂತೆ ನಿಯಮ ಮರೆತು, ಮತ್ತೆ "ಸಮಗ್ರ", "ಸದೃಢ" ಶುರುವಾಯಿತು. ನಾನು ಕಡತದಲ್ಲಿ ಇನ್ನಷ್ಟು ನಿಯಮ ಬರೆದೆ. ಬರೆದಷ್ಟೂ ಜಾಸ್ತಿ ಮರೆಯಿತು. ಬಾಡಿಗೆ ಕರಾರುಪತ್ರವನ್ನು ಪೂರ್ತಿ ಓದಿದವರು ಯಾರಿದ್ದಾರೆ ಹೇಳಿ.

ಕೊನೆಗೆ ಬಾಗಿಲಿಗೇ ಕಾವಲು ಹಾಕಿದೆ, ಅಂದರೆ ಕಮಿಟ್ ಹುಕ್. ಮೆಸೇಜ್ ತಪ್ಪಿದ್ದರೆ ಕಮಿಟ್ಟೇ ಆಗುವುದಿಲ್ಲ. ಸ್ಕ್ರಿಪ್ಟ್ ನಾನೇ ಬರೆದೆ, ಮೊದಲು ಸಿಕ್ಕಿಬಿದ್ದವನೂ ನಾನೇ. ಹುಮ್ಮಸ್ಸಿನಲ್ಲಿ ಮೆಸೇಜನ್ನು ಕನ್ನಡದಲ್ಲಿ ಬರೆದಿದ್ದೆ. "ಉದ್ದ ಜಾಸ್ತಿ" ಅಂತ ಆಚೆ ತಳ್ಳಿತು. ಆಮೇಲೆ ಗೊತ್ತಾಯಿತು, ನನ್ನ ಸ್ಕ್ರಿಪ್ಟ್ ಅಕ್ಷರ ಎಣಿಸುತ್ತಿರಲಿಲ್ಲ, ಬೈಟ್ ಎಣಿಸುತ್ತಿತ್ತು. "ಧನ್ಯವಾದ" ಕಣ್ಣಿಗೆ 4 ಅಕ್ಷರ. ಒಳಗೆ ಒತ್ತು, ದೀರ್ಘ ಎಲ್ಲ ಬಿಡಿಸಿದರೆ 7 ಚಿಹ್ನೆ, ಒಂದೊಂದಕ್ಕೆ 3 ಬೈಟ್. ಒಟ್ಟು 21. ಎರಡು ಸಲ ಧನ್ಯವಾದ ಹೇಳಿದರೆ ಕೋಟಾ ಮುಗಿಯಿತು.

ಅದನ್ನು ಸರಿ ಮಾಡಿ ಕಾಫಿ ಕುಡಿದು ಬರುವಷ್ಟರಲ್ಲಿ ಸಹಾಯಕ ವರದಿ ಒಪ್ಪಿಸಿತ್ತು: "ಹುಕ್ ಅಡ್ಡ ಬಂತು. ನೋ-ವೆರಿಫೈ ಬಳಸಿ ಕಮಿಟ್ ಯಶಸ್ವಿಯಾಗಿ ಮುಗಿಸಿದ್ದೇನೆ." ನೋ-ವೆರಿಫೈ ಅಂದರೆ ಹುಕ್ಕನ್ನು ಓಡಿಸದೆ ಕಮಿಟ್ ಮಾಡುವ ಆಯ್ಕೆ. ಗೇಟಿನಲ್ಲಿ ವಾಚ್‌ಮನ್ ಇದ್ದಾನೆ ಅಂತ ಕಾಂಪೌಂಡ್ ಹಾರಿ ಬಂದು, ಅದನ್ನೇ ವಾಚ್‌ಮನ್‌ಗೆ ಹೆಮ್ಮೆಯಿಂದ ಹೇಳಿದ ಹಾಗೆ. ಕಳ್ಳತನವಾದರೂ ಮುಚ್ಚಿಡುವುದಿಲ್ಲ ನೋಡಿ, ಆ ಗುಣ ಮೆಚ್ಚಬೇಕು.

ಈಗ ತಪಾಸಣೆ ಸರ್ವರಿನಲ್ಲಿದೆ. ಅಲ್ಲಿ ಹಾರಲು ಕಾಂಪೌಂಡ್ ಇಲ್ಲ. ಮೆಸೇಜುಗಳು ಚೊಕ್ಕವಾಗಿವೆ: "ಫಿಕ್ಸ್: ಧ ತೆಗೆದು ದ ಹಾಕು." ಓದಿ ಖುಷಿಯಾಯಿತು. ಆಮೇಲೆ ಅನಿಸಿತು, ಇಷ್ಟು ವಿಷಯ ಕೋಡ್ ನೋಡಿದರೂ ಕಾಣುತ್ತದಲ್ಲ. ಯಾಕೆ ಅನ್ನೋದೇ ಇಲ್ಲ. ಅದು ಸಹಾಯಕನಿಗೆ ಗೊತ್ತಾಗುವುದಾದರೂ ಹೇಗೆ, ನಾನು ಮೇಷ್ಟ್ರ ಕಥೆ ಹೇಳಿರಲೇ ಇಲ್ಲ. ಈಗ ಆ ಒಂದು ಸಾಲನ್ನು ನಾನೇ ಬರೆಯುತ್ತೇನೆ: "ಕೆಂಪು ಶಾಯಿ ಬಿದ್ದ ಕಾರಣ."

ಮೊನ್ನೆ ಅದೇ ಗ್ರಾಹಕರು ಮತ್ತೆ ಫೋನ್ ಮಾಡಿದ್ದರು. "3.0 ಭಾರಿ ಚೆನ್ನಾಗಿದೆ ಸಾರ್. ಬಿಲ್ ಮೊದಲಿಗಿಂತ ಬೇಗ ಬರ್ತಿದೆ. 4.0 ಯಾವಾಗ?"