ಅಕ್ರಮ ವಲಸಿಗರು ಬಂದಲ್ಲೆಲ್ಲ ಅಪರಾಧ ಜಾಸ್ತಿನಾ? ಸತ್ಯಾಂಶ ಓದಿ

"ಅಮೆರಿಕದಲ್ಲಿ ಕೊಲೆ, ಕಳ್ಳತನ ಮಾಡೋರೆಲ್ಲ ಅಕ್ರಮ ವಲಸಿಗರೇ, ನಮ್ಮ ತೋಟಕ್ಕೆ ಬಂದಿರೋ ಅಸ್ಸಾಂನವರ ಬಗ್ಗೆಯೂ ಹುಷಾರು" ಅನ್ನೋ ಮೆಸೇಜ್ ತೀರ್ಥಹಳ್ಳಿ, ಕೊಪ್ಪ ಕಡೆ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಅದು ಸುಳ್ಳು.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಪೊಲೀಸರು ಬಂಧಿಸಿದವರ ಬೆರಳಚ್ಚನ್ನು ಕೇಂದ್ರದ ವಲಸೆ ದಾಖಲೆಗಳ ಜೊತೆ ತಾಳೆ ನೋಡುತ್ತಾರೆ, ಹಾಗಾಗಿ ಸಿಕ್ಕಿಬಿದ್ದವರಲ್ಲಿ ಕಾಗದಪತ್ರ ಇಲ್ಲದವರು ಎಷ್ಟು ಜನ ಅನ್ನೋ ಲೆಕ್ಕ ಅಲ್ಲಿ ಸಿಗುತ್ತದೆ. 2012ರಿಂದ 2018ರವರೆಗಿನ ಆ ಲೆಕ್ಕ ಇಟ್ಟುಕೊಂಡು ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಜನಸಂಖ್ಯೆಗೆ ತಕ್ಕ ಹಾಗೆ ನೋಡಿದರೆ, ಹಲ್ಲೆ ಕೊಲೆಯಂಥ ಕೇಸುಗಳಲ್ಲಿ ಅಮೆರಿಕದಲ್ಲೇ ಹುಟ್ಟಿದ ನಾಗರಿಕರ ಬಂಧನ ಈ ವಲಸಿಗರಿಗಿಂತ 2 ಪಟ್ಟಿಗೂ ಜಾಸ್ತಿ. ಕಳ್ಳತನದಂಥ ಕೇಸುಗಳಲ್ಲಿ 4 ಪಟ್ಟಿಗೂ ಜಾಸ್ತಿ! ಆ ವಲಸಿಗರಲ್ಲೂ ತಪ್ಪು ಮಾಡಿದವರು ಇದ್ದಾರೆ, ಯಾರೂ ಇಲ್ಲ ಅನ್ನುತ್ತಿಲ್ಲ. ಆದರೆ ಟಿವಿಯಲ್ಲಿ ಬಂದ ಒಂದು ಕೊಲೆ ಸುದ್ದಿಯಿಂದ ಇಡೀ ಗುಂಪನ್ನು ಅಳೆಯೋಕಾಗುತ್ತಾ?

ಇನ್ನು ಅಸ್ಸಾಂ ನಮ್ಮದೇ ದೇಶದ ರಾಜ್ಯ ಅಲ್ವಾ. ಅಲ್ಲಿನವರು ಇಲ್ಲಿಗೆ ಬಂದು ದುಡಿಯೋ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಲೈನ್ ಮನೆಯಲ್ಲಿ ಇದ್ದುಕೊಂಡು, ಬೆಳಗಾದರೆ ಕಾಫಿ ಹಣ್ಣು ಕೊಯ್ಯೋಕೆ ಹೋಗುವ ಕುಟುಂಬದ ಮೇಲೆ ಸುಮ್ನೆ ಅನುಮಾನ ಹುಟ್ಟಿಸೋದು ದೊಡ್ಡ ಅನ್ಯಾಯ.